ದೋಷಾರೋಪಕ್ಕೆ ಮುನ್ನ ದೋಷಪರೀಕ್ಷೆ

ಟ್ಯೂನಿಂಗ್ ಮುಗಿಸಿ ಬಂದ ಹಳೆಯ ಕಾರು ಮರುದಿನವೇ ಮೊಂಡುಹಿಡಿದರೆ ಯಜಮಾನನ ಸಂದೇಹ ಮೊದಲು ಮೆಕ್ಯಾನಿಕನ ಮೇಲೆ ಬೀಳುತ್ತದೆ. ರಿಪೇರಿಯ ನಂತರ ಕಂಡದ್ದೆಲ್ಲ ರಿಪೇರಿಯಿಂದಲೇ ಆಯಿತೆಂಬುದು ಆತನ ತರ್ಕ. ಜಮಾ-ಖರ್ಚು ತಾಳೆ ನೋಡದೆ ಗುಮಾಸ್ತನನ್ನು ಕಳ್ಳನೆಂದಂತೆಯೇ ಇದು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರಿದ್ದಾರೆ. ಅಂಥದೊಂದರಲ್ಲಿ ಪ್ಲಗ್ಗು, ಪಾಯಿಂಟುಗಳನ್ನು ಸರಿಪಡಿಸಿದ ಬಳಿಕ ಸ್ಟಾರ್ಟರ್ ನಿಧಾನವಾಗಿ ತಿರುಗತೊಡಗಿತೆನ್ನೋಣ. ಹೊಸ ಬ್ಯಾಟರಿ ಕೊಳ್ಳುವ ಮುನ್ನ, ಕೆಲಸಗಾರನನ್ನು ಜರೆಯುವ ಮುನ್ನ ವೋಲ್ಟ್‌ಮೀಟರನ್ನು ಕೈಗೆತ್ತಿಕೊಳ್ಳಬೇಕು. ಎಂಜಿನ್ ನಿಂತಿರುವಾಗ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಅದರಲ್ಲಿ ಚಾರ್ಜ್ ತುಂಬಿದೆ. ಅನಂತರ, ಸ್ಟಾರ್ಟರ್ ತಿರುಗುತ್ತಿರುವಾಗಲೇ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ, ಬ್ಯಾಟರಿಯ ಕ್ಲಾಂಪಿನಿಂದ ಎಂಜಿನ್ನಿನ ಅರ್ತ್ ಪಟ್ಟಿಯವರೆಗಿನ ಯಾವುದೋ ಜೋಡಣೆ ತುಕ್ಕು ಹಿಡಿದಿದೆ, ಇಲ್ಲವೆ ಸಡಿಲವಾಗಿದೆ.

ತುಕ್ಕಾದರೆ ಅದು ವರ್ಷಗಳ ಸಂಗ್ರಹ. ಮೊನ್ನೆ ಮುಟ್ಟಿದ ಕೈಯ ಅಪರಾಧವಲ್ಲ. ಆಗತಾನೆ ಬಿಚ್ಚಿ ಹಾಕಿದ ಬೋಲ್ಟ್ ಸಡಿಲವಿದ್ದರೆ ಅದು ಕೆಲಸಗಾರನ ತಪ್ಪೇ; ಅದನ್ನು ಅವನಿಗೆ ಏಕಾಂತದಲ್ಲಿ, ಶಾಂತವಾಗಿ ತಿಳಿಸುವುದು ಧರ್ಮ. ಎರಡಕ್ಕೂ ಪರಿಹಾರ ತುಸು ಮರಳುಕಾಗದ, ಒಂದು ಸ್ಪ್ಯಾನರ್. ಆದರೆ ನಾಲ್ಕು ಜನರೆದುರು ಅಪವಾದ ಹೊತ್ತ ದುಡಿಮೆಗಾರ ಗಿರಾಕಿಗಳನ್ನು ಕಳೆದುಕೊಳ್ಳುತ್ತಾನೆ. ಆ ನಷ್ಟವನ್ನು ತುಂಬಿಕೊಡುವ ಬಿಡಿಭಾಗ ಯಾವ ಅಂಗಡಿಯಲ್ಲೂ ದೊರೆಯದು.