ಕಟ್ಟಾಯದ ಒಂದು ಬೆಳಗು

ಊರಿಗೆ ಹೊರಡುವವರು ಬುತ್ತಿಯನ್ನು ಮರೆಯುವುದಿಲ್ಲ. ಕೊಡೆಯನ್ನು ಮರೆತರೆ ದಾರಿಯಲ್ಲಾದರೂ ನೆನೆಯುತ್ತಾರೆ. ಆದರೆ ತಮ್ಮನ್ನೆಲ್ಲ ಹೊತ್ತೊಯ್ಯುವ ಗಾಡಿಯ ಬ್ಯಾಟರಿಯನ್ನು, ಅದು ಕೈಕೊಡುವ ದಿನದವರೆಗೆ, ಯಾರೂ ನೆನೆಯರು. ನಾವೂ ನೆನೆದವರಲ್ಲ. ನೆನೆಯುವಂತೆ ಮಾಡಿದುದು ಕಟ್ಟಾಯದ ಒಂದು ಬೆಳಗು.

ಕಟ್ಟಾಯವು ಹಾಸನ ತಾಲೂಕಿನ ಒಂದು ಹೋಬಳಿಯೂರು. ಸುತ್ತಲೂ ರಾಗಿ, ಜೋಳ, ಆಲೂಗಡ್ಡೆಯ ಹೊಲಗಳು. ಇದೇ ಸೀಮೆಯ ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟೆಯು 1979ರಲ್ಲಿ ಪೂರ್ತಿಯಾಯಿತು. ಗೊರೂರೆಂದರೆ ವಾಚಕರಿಗೆ ರಾಮಸ್ವಾಮಿ ಅಯ್ಯಂಗಾರ್ಯರ (1904–1991) ನೆನಪಾಗದೆ ಇರದು. ಅವರ ಬರಹಗಳಲ್ಲಿ ಕಂಡ ಹೊಳೆಯೇ ಈಗ ಕಡಲಿನಂತೆ ಹರಡಿ ನಿಂತಿದೆ. ಮಳೆಗಾಲದಲ್ಲಿ ನೀರೇರಿದಾಗ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಅರ್ಧ ಮುಳುಗಿ, ಅರ್ಧ ತಲೆಯೆತ್ತಿ ನಿಲ್ಲುತ್ತದೆ.

ಆ ನೋಟವನ್ನು ಮಕ್ಕಳಿಗೆ ತೋರಿಸಿ, ಕತ್ತಲಾದ ಮೇಲೆ ಕಟ್ಟಾಯದಲ್ಲಿ ನಮ್ಮ ದೊಡ್ಡಮ್ಮನವರ ಮನೆಯನ್ನು ಸೇರಿದೆವು. ದೊಡ್ಡಮ್ಮನವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಒಂದು ದಿನವಾಗಿತ್ತು. ಮರುದಿನ ಬೆಳಗ್ಗೆ ಒಂಬತ್ತು ಗಂಟೆಗೆ ಹಾಸನದ ವೈದ್ಯರಲ್ಲಿ ಪಟ್ಟಿ ಬಿಚ್ಚಿಸಬೇಕಾಗಿತ್ತು. ಅದಕ್ಕೆಂದೇ ನಾವು ವ್ಯಾನು ತಂದಿದ್ದೆವು.

ಬೆಳಗ್ಗೆ ಕೀಲಿಯನ್ನು ತಿರುಗಿಸಿದರೆ 'ಟಕ್, ಟಕ್' ಎಂಬ ಸದ್ದಲ್ಲದೆ ಬೇರೇನೂ ಇಲ್ಲ. ರಾತ್ರಿಯೆಲ್ಲ ಒಳಗಿನ ದೀಪ ಉರಿದಿತ್ತು. ಅದಕ್ಕೆ ಮೊದಲು ಗಾಡಿ ಮೂರು ವಾರ ಕದಲದೆ ನಿಂತಿತ್ತು. ದೊಡ್ಡಮ್ಮನವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಸಿದ್ಧರಾಗಿ ಕುಳಿತಿದ್ದರು. ನಮ್ಮ ಮುಖ ಅವರಿಗೆ ಕಾಣದಿದ್ದುದೇ ಲೇಸಾಯಿತು.

ನೆರೆಮನೆಯ ಯುವಕನು, "ಯಾಕ್ ಯೋಚ್ನೆ ಮಾಡ್ತೀರಾ ಸ್ವಾಮಿ? ನಾಕ್ ಜನ ನೂಕುದ್ರೆ ಹೊಂಟೋಯ್ತದೆ" ಎಂದು ಹೇಳಿ ಗೆಳೆಯರನ್ನು ಕೂಗಿದನು. ಕೀಲಿಯನ್ನು ತೆರೆದಿಟ್ಟು, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಒತ್ತಿ ಹಿಡಿದು, ಗಾಡಿಗೆ ಓಟ ಬಂದೊಡನೆ ಬಿಟ್ಟೆವು. ಎಂಜಿನು ಕೆಮ್ಮಿ ಎದ್ದಿತು. ಗೇರನ್ನು ಕೈಯಿಂದ ಹಾಕುವ ಗಾಡಿಗೆ ಮಾತ್ರ ಸಲ್ಲುವ ಉಪಾಯವಿದು. ಬ್ಯಾಟರಿಯು ಪೂರ್ತಿ ಬರಿದಾಗಿದ್ದರೆ ಇದೂ ಫಲಿಸದು. ಆ ಯುವಕನೂ ನಮ್ಮೊಡನೆ ಬಂದನು. ಆಸ್ಪತ್ರೆಯ ಬಾಗಿಲಲ್ಲಿ ಎಂಜಿನನ್ನು ನಿಲ್ಲಿಸದೆಯೇ ದೊಡ್ಡಮ್ಮನವರನ್ನು ಇಳಿಸಿ, ಮನೆಯವರನ್ನು ಅವರ ಜೊತೆಗಿರಿಸಿ, ಬ್ಯಾಟರಿಯ ಅಂಗಡಿಗೆ ಹೋದೆವು.

"ಹೊಸದೊಂದನ್ನು ಕೊಡಿ" ಎಂದೆವು. ಅಂಗಡಿಯ ಹಿರಿಯರು, "ಮೊದ್ಲು ತಪ್ಪು ಯಾರ್ದು ಅಂತ ನೋಡಾಣ ಇರಿ" ಎಂದರು. ಎಂಜಿನು ಓಡುತ್ತಿರುವಾಗಲೇ ಅಳೆದರು: 14 ವೋಲ್ಟು. ಅಂದರೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರು ಸರಿಯಾಗಿದೆ. ಅದು ಕೆಟ್ಟಿದ್ದರೆ ಹೊಸ ಬ್ಯಾಟರಿಯೂ ಕೆಲವೇ ಗಂಟೆಗಳಲ್ಲಿ ಬರಿದಾಗಿ, ನಮ್ಮ ಹಣ ನೀರಿನಲ್ಲಿ ಹೋಮವಾಗುತ್ತಿತ್ತು. ಬಳಿಕ ಎಂಜಿನನ್ನು ನಿಲ್ಲಿಸಿ, ಬ್ಯಾಟರಿಗೆ ಭಾರ ಕೊಟ್ಟು ಪರೀಕ್ಷಿಸಿದರು. ಮುಳ್ಳು 9ಕ್ಕಿಂತ ಕೆಳಗಿಳಿಯಿತು. ಮೈಮೇಲಿನ ತಾರೀಖಿನಂತೆ ಅದಕ್ಕೆ ನಾಲ್ಕೂವರೆ ವರ್ಷ. ನಮ್ಮ ಸೆಕೆಯ ದೇಶದಲ್ಲಿ ಮೂರರಿಂದ ಐದು ವರ್ಷವೇ ಇವುಗಳ ಆಯುಸ್ಸು.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸುವ ಈ ವಿದ್ಯೆಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದನು. ಸುಮಾರು ಎರಡೆರಡು ವೋಲ್ಟಿನ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುತ್ತದೆ. ಚೆನ್ನಾಗಿ ತುಂಬಿ ವಿಶ್ರಮಿಸಿದ ಬ್ಯಾಟರಿಯು 12.6 ವೋಲ್ಟಿನಷ್ಟು ತೋರಬೇಕು. 12ಕ್ಕೆ ಇಳಿದರೆ ಬಹುಪಾಲು ಬರಿದಾಯಿತೆಂದೇ ಅರ್ಥ. ಬರಿದಾಗಿಯೇ ಬಹುಕಾಲ ಬಿಟ್ಟರೆ ಫಲಕಗಳ ಮೇಲೆ ಬಿಳಿಯ ಹರಳು ಗಟ್ಟಿಯಾಗಿ, ಮತ್ತೆ ತುಂಬುವ ಶಕ್ತಿ ಕುಂದುತ್ತದೆ.

ಆರಿಸುವಾಗ ನೋಡಬೇಕಾದುದು ನಾಲ್ಕು ಅಂಶ. ಅಳತೆಯು ಗಾಡಿಯ ತಟ್ಟೆಗೆ ಸರಿಹೊಂದಬೇಕು. ಧಾರಣಶಕ್ತಿಯು ತಯಾರಕರು ಹೇಳಿದಷ್ಟಿರಬೇಕು. ಸಣ್ಣ ವ್ಯಾನುಗಳಿಗೆ ಸಾಮಾನ್ಯವಾಗಿ 35 ಆಂಪಿಯರ್-ಗಂಟೆ. ಧನ, ಋಣ ಧ್ರುವಗಳು ಯಾವ ಬದಿಗಿವೆಯೆಂಬುದನ್ನು ಗಮನಿಸಬೇಕು; ಬದಿ ತಪ್ಪಿದರೆ ತಂತಿ ಮುಟ್ಟದು, ಎಳೆದು ಮುಟ್ಟಿಸಹೋದರೆ ಅನರ್ಥ. ಕೊನೆಯದಾಗಿ, ತಯಾರಾದ ತಿಂಗಳು ಹತ್ತಿರದ್ದಾಗಿರಬೇಕು. ಅಂಗಡಿಯಲ್ಲಿ ಕುಳಿತೂ ಬ್ಯಾಟರಿಯು ಮುದಿಯಾಗುತ್ತದೆ. ಹೊಣೆಯ ಚೀಟಿಯಲ್ಲಿ ತಾರೀಖನ್ನು ಬರೆಸಿಕೊಳ್ಳುವುದನ್ನು ಮರೆಯಬಾರದು.

ಹಿರಿಯರು ಮೊದಲು ಋಣದ ತಂತಿಯನ್ನು ಬಿಚ್ಚಿದರು, ಆಮೇಲೆ ಧನದ್ದನ್ನು. ಕೂಡಿಸುವಾಗ ಮೊದಲು ಧನ, ಕಡೆಗೆ ಋಣ. ಗಾಡಿಯ ಕಬ್ಬಿಣದ ಮೈಯೆಲ್ಲ ಋಣಕ್ಕೇ ಸೇರಿದುದರಿಂದ, ಋಣವು ಕೂಡಿರುವಾಗ ಧನದ ಮೇಲಿನ ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯಬಹುದು. ಬಳಿಯಲ್ಲಿ ಬೀಡಿಯೂ ಸಲ್ಲದು. ತಂತಿಯ ತುದಿಗಳ ಹಸಿರು ಪಾಚಿಯನ್ನು ಅಡಿಗೆ ಸೋಡದ ನೀರಿನಿಂದ ತೊಳೆದು, ಒರಸಿ, ಬಿಗಿದು, ಮೇಲೆ ವ್ಯಾಸಲೀನು ಸವರಿದರು.

ಆಗ ನಮ್ಮೊಡನೆ ಬಂದ ಯುವಕನು, "ಹಳೇದ್ನ ನಂಗ್ ಕೊಡಿ ಸ್ವಾಮಿ, ಕರಗ್ಸಿ ಬಲೆಗೆ ಗುಂಡು ಮಾಡ್ಕತೀನಿ" ಎಂದನು. ನೂಕಿ ಉಪಕಾರ ಮಾಡಿದವನಿಗೆ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಅವನ ಮನೆಯಲ್ಲಿ ಎರಡು ವರ್ಷದ ಕೂಸನ್ನು ಬೆಳಗ್ಗೆ ತಾನೆ ಕಂಡಿದ್ದೆವು. ಅಂಗಳದಲ್ಲಿ ಸೀಸ ಕರಗಿಸಿದರೆ ಅದರ ಹೊಗೆ, ಧೂಳು ಮಣ್ಣಿನಲ್ಲಿ ಸೇರಿ ಕೂಸಿನ ಬಾಯಿಗೆ ಹೋಗುತ್ತದೆ. ಎಳೆಯ ಮಿದುಳಿಗೆ ಅದು ಮಾಡುವ ಕೇಡು ಮರಳಿ ಸರಿಯಾಗದು. ಇದನ್ನು ಬಿಡಿಸಿ ಹೇಳಿದೆವು. ಅವನು ತುಸು ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬ್ಯಾಡ" ಎಂದು ತಾನೇ ಅದನ್ನೆತ್ತಿ ಅಂಗಡಿಯೊಳಗಿಟ್ಟನು. 2022ರ ನಿಯಮಗಳೂ ಹಳೆಯ ಬ್ಯಾಟರಿಗಳು ಕ್ರಮವಾಗಿ ಮರುಬಳಕೆಗೆ ಸೇರಬೇಕೆನ್ನುತ್ತವೆ. ಹಳೆಯದಕ್ಕೆಂದು ಅಂಗಡಿಯವರು ಬೆಲೆಯಲ್ಲಿ ಬಿಟ್ಟ ಹಣದಿಂದ ಅವನ ಬಲೆಗೆ ಬೇಕಾದ ಗುಂಡುಗಳನ್ನು ಪೇಟೆಯಲ್ಲಿ ಕೊಡಿಸಿದೆವು.

ಆಸ್ಪತ್ರೆಯಿಂದ ಹೊರಬಂದ ದೊಡ್ಡಮ್ಮನವರು ಕಪ್ಪು ಕನ್ನಡಕದೊಳಗಿಂದ ನಮ್ಮನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿ, "ನಂಗೆ ಕಣ್ಣು ಬಂತು, ನಿಮ್ಮ ಗಾಡಿಗೆ ಜೀವ ಬಂತೇನಪ್ಪ?" ಎಂದರು. ಕೀಲಿ ತಿರುಗಿಸಿದೆವು. ಒಂದೇ ತಿರುವಿಗೆ ಬಂದಿತು.