ನುಗ್ಗೆಯ ಬೇರು, ಕುದುರೆ ಮೂಲಂಗಿಯ ಹೆಸರು

ಸಸ್ಯದ ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ಬಳಸಿಕೊಂಡು ಬೇರೆ ವಸ್ತುಗಳನ್ನು ಉತ್ಕರ್ಷಿಸುವ, ಒಡಲಲ್ಲಿ ಕಬ್ಬಿಣದ ಪರಮಾಣುವನ್ನು ಇರಿಸಿಕೊಂಡ ಕಿಣ್ವಗಳ ಬಳಗಕ್ಕೆ ಪೆರಾಕ್ಸಿಡೇಸ್ ಎಂದು ಹೆಸರು. ಈ ಬಳಗದ ಕಿಣ್ವವಿಲ್ಲದ ಗಿಡವೇ ಇಲ್ಲವೆನ್ನಬಹುದಾದರೂ ಪ್ರಯೋಗಾಲಯಕ್ಕೆ ಬರುವ ಸೀಸೆಯ ಮೇಲೆ ಸಾಮಾನ್ಯವಾಗಿ ಹಾರ್ಸ್‌ರ‍್ಯಾಡಿಶ್, ಎಂದರೆ ಕುದುರೆ ಮೂಲಂಗಿ, ಎಂಬ ಯುರೋಪಿನ ಖಾರದ ಬೇರಿನ ಹೆಸರಿರುತ್ತದೆ. ಮುಂಬಯಿಯ ಚೆಂಬೂರಿನ ನಿವಾಸಿಯಾದ ಪ್ರಸ್ತುತ ಲೇಖಕನಿಗೆ ಆ ಹೆಸರು ಕಂಡಾಗಲೆಲ್ಲ ನೆನಪಾಗುವುದು ನುಗ್ಗೆ ಮರ.

ಇದಕ್ಕೆ ಕಾರಣರು ಇಂಗ್ಲಿಷರು. ತಮ್ಮೂರಿನ ಕುದುರೆ ಮೂಲಂಗಿ ಭಾರತದಲ್ಲಿ ಸಿಗದೆ ಬಾಯಿ ಸಪ್ಪೆಯಾದಾಗ ಅವರು ನುಗ್ಗೆಯ ಬೇರನ್ನು ಅಗೆಸಿ, ತುರಿಸಿ, ಮಾಂಸದೊಡನೆ ನಂಜಿಕೊಂಡು, ಮರಕ್ಕೇ ಹಾರ್ಸ್‌ರ‍್ಯಾಡಿಶ್ ಮರವೆಂದು ಹೆಸರಿಟ್ಟರು. ಕಾಯಿ, ಸೊಪ್ಪು, ಹೂವು ಮೂರನ್ನೂ ಬಿಟ್ಟು ಬೇರಿಗೆ ಕೈಹಾಕಿದ್ದು ಅಡುಗೆಯ ದೃಷ್ಟಿಯಿಂದ ಅವಿವೇಕವೇ ಸರಿ, ಆದರೆ ಮೂಗಿನ ತೀರ್ಮಾನ ತಪ್ಪಿರಲಿಲ್ಲ: ಎರಡೂ ಬೇರುಗಳ ಘಾಟು ಸಾಸಿವೆಯೆಣ್ಣೆಯ ಜಾತಿಗೆ ಸೇರಿದ ರಾಸಾಯನಿಕಗಳದು, ಸಸ್ಯಶಾಸ್ತ್ರಜ್ಞರೂ ಇಂದು ಈ ಎರಡು ಗಿಡಗಳನ್ನು ಸಾಸಿವೆಯ ಗಣವಾದ ಬ್ರಾಸಿಕೇಲಿಸ್‌ನಲ್ಲಿಯೇ ಇರಿಸಿದ್ದಾರೆ.

ಕುದುರೆ ಮೂಲಂಗಿಯ ತುಂಡು ತಗುಲಿದರೆ ಗ್ವಾಯಕಮ್ ಮರದ ಅಂಟಿನ ದ್ರಾವಣ ನೀಲಿಯಾಗುತ್ತದೆ ಎಂದು ಪ್ಲಾಂಶ್ ಎಂಬ ಫ್ರೆಂಚ್ ಔಷಧಿಕಾರ ಗಮನಿಸಿದ್ದು 1810ರಲ್ಲಿ. ಪೆರಾಕ್ಸಿಡೇಸ್ ಎಂಬ ಹೆಸರು ಬಂದದ್ದು 1898ರಲ್ಲಿ. ಸ್ವೀಡನ್ನಿನ ವಿಜ್ಞಾನಿ ಥಿಯೊರೆಲ್ ಆ ಬೇರಿನ ಕಿಣ್ವವನ್ನು ಹರಳುಗಟ್ಟಿಸಿದ್ದು 1942ರಲ್ಲಿ. ಅದೇ ವರ್ಷ ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂಬ ಊಟದ ಮನೆ ಆರಂಭವಾಯಿತು. ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಮಾಟುಂಗದ ಸಾಂಬಾರಿನಲ್ಲಿ ನುಗ್ಗೆಕಾಯಿಯ ತುಂಡನ್ನು ಹಲ್ಲಿನಲ್ಲಿ ಎಳೆದು ತಿರುಳು ಹೀರುವವರಿಗೆ ಇದನ್ನು ತಿಳಿಸದೆ ಇರಲಾಗದು.

ಈ ಕಿಣ್ವವನ್ನು ಅಳೆಯುವ ಒಂದು ಜಾಗ ಅಂಗಾಂಶ ಕೃಷಿ. ಅಂಗಾಂಶ ಕೃಷಿಯೆಂದರೆ ಗಿಡದ ಚೂರೊಂದನ್ನು ಲವಣ, ಸಕ್ಕರೆ, ಹಾರ್ಮೋನುಗಳ ಆಹಾರದ ಮೇಲೆ ರೋಗಾಣುಗಳಿಲ್ಲದಂತೆ ಬೆಳೆಸುವುದು. ಅಲ್ಲಿ ಮೊದಲು ಹುಟ್ಟುವ ಆಕಾರವಿಲ್ಲದ ಕೋಶಗಳ ಮುದ್ದೆಗೆ ಕ್ಯಾಲಸ್ ಎನ್ನುತ್ತಾರೆ. ಚೆಂಬೂರಿನ ಆಚೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿ. ಎ. ಬಾಪಟ್ ಮತ್ತು ಪಿ. ಎಸ್. ರಾವ್ ಅವರು ಶ್ರೀಗಂಧದ ಕೋಶಗಳಿಂದ ಭ್ರೂಣಗಳನ್ನೂ ಸಸಿಗಳನ್ನೂ ಪಡೆದ ವರದಿ 1979ರದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಅದೇ ಮರದ ಬಗ್ಗೆ ಪ್ರಕಟಿಸಿದ್ದೂ ಅದೇ ವರ್ಷ. ಮುದ್ದೆ ಚಿಗುರಿಗೋ ಬೇರಿಗೋ ಹೊರಳುವ ಸೂಚನೆಯನ್ನು ಸಂಶೋಧಕರು ಹಲವು ಗಿಡಗಳಲ್ಲಿ ಪೆರಾಕ್ಸಿಡೇಸ್‌ನ ಏರಿಳಿತದಲ್ಲಿ ಹುಡುಕಿದ್ದಾರೆ. ಅದಕ್ಕಾಗಿ ಕ್ಯಾಲಸನ್ನು ಮಂಜುಗಡ್ಡೆಯ ಮೇಲಿಟ್ಟ ಕಲ್ಬತ್ತಿನಲ್ಲಿ ಅರೆದು, ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಗೆ ಗ್ವಾಯಕಾಲ್ ಎಂಬ ರಾಸಾಯನಿಕ ಮತ್ತು ಪೆರಾಕ್ಸೈಡ್ ಬೆರೆಸಿದರೆ ಬಣ್ಣವಿಲ್ಲದ ದ್ರವ ಕಣ್ಣೆದುರಿಗೇ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ; 470 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಆ ಕೆಂಪು ಏರುವ ವೇಗವೇ ಕಿಣ್ವದ ಚಟುವಟಿಕೆಯ ಅಳತೆ.

ನುಗ್ಗೆಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಮಳೆಗಾಲದ ಗಾಳಿಗೆ ಲಟಕ್ಕನೆ ಮುರಿದ ಅದರ ಕೊಂಬೆಯನ್ನು ನೆಲಕ್ಕೆ ಊರಿದರೆ ಸಾಕು, ಆಕ್ಸಿನ್ ಎಂಬ ಹಾರ್ಮೋನನ್ನು ಒಡೆಯುವುದು, ಕೋಶಭಿತ್ತಿಗೆ ಲಿಗ್ನಿನ್ ಕಟ್ಟಿ ಗಟ್ಟಿಮಾಡುವುದು ಮುಂತಾದ ಪೆರಾಕ್ಸಿಡೇಸ್ ಕೆಲಸಗಳು ಒಳಗೇ ನಡೆದು ಬೇರು ಇಳಿಯುತ್ತದೆ. ಲೇಖಕನ ಕಟ್ಟಡದ ಕಾವಲುಗಾರ ಹೀಗೆ ಕಾಂಪೌಂಡಿನ ಮೂಲೆಯಲ್ಲಿ ಊರಿದ ಕೊಂಬೆ ಈಗ ಎರಡನೆಯ ಮಹಡಿಯ ಕಿಟಕಿ ಮುಟ್ಟಿದೆ. ಕಾಯಿ ಮಾತ್ರ ಪಕ್ಕದ ಸೊಸೈಟಿಯ ಕಡೆಗೇ ಬಿಡುತ್ತದೆ.