ಮೈದಾ ಚೀಲದ ಬಟ್ಟೆ

ಬಟ್ಟೆಗೆ ಹಲವು ಜನ್ಮಗಳಿದ್ದ ಕಾಲವೊಂದಿತ್ತು. ಸೀರೆ ಹಳತಾದರೆ ಹೊದಿಕೆ, ಹೊದಿಕೆ ಸವೆದರೆ ತೊಟ್ಟಿಲ ಹಾಸು, ಅದೂ ಹರಿದರೆ ಒಲೆಯ ಬಳಿಯ ಕೈವಸ್ತ್ರ. ಈ ಸಾಲಿನಲ್ಲಿ ಬಟ್ಟೆಯಂಗಡಿಯಿಂದ ಬಾರದೆ, ಹಿಟ್ಟಿನ ಹೊದಿಕೆಯಾಗಿ ಮನೆಯೊಳಗೆ ಬಂದ ಬಟ್ಟೆಯೊಂದಿತ್ತು. ಅದು ಮೈದಾ ಚೀಲ. ಮುಂಬಯಿಯ ಉಡುಪಿ ಹೋಟೆಲುಗಳ ಆಶ್ರಯದಲ್ಲಿ ಬೆಳೆದ ನಮ್ಮಂಥ ಮನೆಗಳಲ್ಲಿ ಅದನ್ನು ಉಡದ, ಹೊದೆಯದ ಮಕ್ಕಳು ಕಡಿಮೆ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಅಡುಗೆಮನೆ ಸೇರಿದವರು. 1970ರ ದಶಕದಲ್ಲಿ ಅಲ್ಲಿಗೆ ಮೈದಾ ಮತ್ತು ರವೆ ಕೋರಾ ಬಟ್ಟೆಯ ಚೀಲಗಳಲ್ಲಿ ಬರುತ್ತಿತ್ತು. ಒಂದೊಂದರ ತೂಕ 90 ಕಿಲೋ. ಸಕ್ಕರೆಯ ಗೋಣಿಯನ್ನು ಭಂಗಾರದವನು ಒಯ್ಯುತ್ತಿದ್ದ, ಎಣ್ಣೆಯ ಡಬ್ಬಕ್ಕೆ ಬೇರೆ ಗಿರಾಕಿಗಳಿದ್ದರು. ಮೈದಾ ಚೀಲಕ್ಕೆ ಮಾತ್ರ ಕೆಲಸದವರಲ್ಲಿಯೇ ಸರದಿ. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮಗುವಿಗೆ ಶಾಲೆ ಶುರುವಾಗುತ್ತದೆ ಎಂಬುದನ್ನು ನೋಡಿ ಆ ಸರದಿ ಹಿಂದೆ ಮುಂದೆ ಆಗುತ್ತಿತ್ತು. ಊರಿಗೆ ಹೊರಟವರ ಟ್ರಂಕಿನ ತಳದಲ್ಲಿಯೂ ನಾಲ್ಕು ಚೀಲಗಳು ಮಡಚಿ ಕುಳಿತಿರುತ್ತಿದ್ದವು.

ಚೀಲವನ್ನು ಬಟ್ಟೆಯಾಗಿಸುವುದು ಅಮ್ಮನ ಕೆಲಸ. ಮೊದಲು ಹೊಲಿಗೆ ಬಿಚ್ಚಬೇಕು. ಚೀಲದ ಬಾಯಿಗೆ ಹಾಕಿದ್ದು ಸರಪಳಿ ಹೊಲಿಗೆ. ಸರಿಯಾದ ತುದಿಯನ್ನು ಹಿಡಿದು ಎಳೆದರೆ ಸರ್ರನೆ ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿಯನ್ನು ಎಳೆದರೆ ಗಂಟಾಗಿ ನಿಲ್ಲುತ್ತದೆ. ಆ ದಾರವನ್ನು ಅಮ್ಮ ರಟ್ಟಿನ ತುಂಡಿಗೆ ಸುತ್ತಿಡುತ್ತಿದ್ದಳು. ಅನಂತರ ಚೀಲವನ್ನು ಗ್ಯಾಲರಿಯ ಕಂಬಿಗೆ ಬಡಿದು ಹಿಟ್ಟು ಉದುರಿಸಿ, ತಣ್ಣೀರಿನಲ್ಲಿ ನೆನೆಹಾಕಬೇಕು. ಮೊದಲೇ ಬಿಸಿನೀರು ಸುರಿದರೆ ನೂಲಿನ ಸಂದಿನ ಹಿಟ್ಟು ಅಂಟಾಗಿ ಬಿಡುತ್ತದೆ. ಆಮೇಲೆ ಸೋಡಾ ಹಾಕಿ ಕುದಿಸುವುದು, ಬಿಸಿಲಿಗೆ ಹರಡುವುದು, ಮತ್ತೆ ಕುದಿಸುವುದು. ಚಾಳಿನ ನಲ್ಲಿಗೆ ನೀರು ಬರುವುದೇ ಬೆಳಗಿನ ಎರಡು ತಾಸು. ಆ ನೀರಿನಲ್ಲಿ ಅಡುಗೆ, ಸ್ನಾನ, ಪಾತ್ರೆಗಳ ಪಾಲು ಕಳೆದು ಉಳಿದದ್ದು ಚೀಲಕ್ಕೆ. ಬಟ್ಟೆ ಬೆಳ್ಳಗಾಗಲು ಒಂದು ವಾರವಾದರೂ ಬೇಕು.

ಬೆಳ್ಳಗಾಗುತ್ತಿತ್ತು, ಮುದ್ರೆಯೊಂದನ್ನು ಬಿಟ್ಟು. ಗಿರಣಿಯ ಹೆಸರು, ತೂಕ, ನೀಲಿ ಅಥವಾ ಕೆಂಪು ಶಾಯಿಯ ಚಿತ್ರ, ಇವು ಮಾಸುತ್ತಿದ್ದವೇ ಹೊರತು ಅಳಿಯುತ್ತಿರಲಿಲ್ಲ. ಅಮ್ಮ ಮುದ್ರೆಯಿದ್ದ ಭಾಗ ಒಳಮಗ್ಗುಲಿಗೆ ಬರುವಂತೆ ಕತ್ತರಿಸುತ್ತಿದ್ದಳು. ದಿಂಬಿನ ಚೀಲ, ಅಕ್ಕನ ಒಳಲಂಗ, ನಮ್ಮ ಚಡ್ಡಿ, ಪುಸ್ತಕದ ಚೀಲ, ಸಂಡಿಗೆ ಹಾಕುವ ಹಾಸು, ಎಲ್ಲದಕ್ಕೂ ಅದೇ ಬಟ್ಟೆ. ಅಕ್ಷರ ಕಾಣುತ್ತದೆ ಎಂದು ಅಕ್ಕ ತಕರಾರು ಮಾಡಿದರೆ ಅಮ್ಮನದು ಒಂದೇ ಮಾತು: “ಒಳ್ಗ್ ಇಪ್ದ್ ಯಾರ್ ಕಾಂತ್ರ್?” ಆದರೆ ಬಟ್ಟೆ ಒಣಹಾಕುವುದು ಎಲ್ಲರೂ ಓಡಾಡುವ ಗ್ಯಾಲರಿಯಲ್ಲಿ. ಅಲ್ಲಿ ಒಳಗಿನದೆಲ್ಲ ಹೊರಗೇ. ಅಕ್ಕ ತನ್ನ ಲಂಗವನ್ನು ಅಪ್ಪಯ್ಯನ ಪಂಚೆಯ ಅಡಿಯಲ್ಲಿ ಹರಡಿ ಒಣಗಿಸುತ್ತಿದ್ದಳು.

ನಮ್ಮ ಮನೆಯ ಈ ಬಟ್ಟೆಗೆ ದೂರದ ದೇಶಗಳಲ್ಲಿ ಬಂಧುಗಳಿದ್ದರೆಂಬುದು ಬಹಳ ವರ್ಷಗಳ ಮೇಲೆ ಓದಿನಿಂದ ತಿಳಿಯಿತು. ಅಮೆರಿಕದ ಹಳ್ಳಿಗಳಲ್ಲಿ ಹಿಟ್ಟಿನ, ಕೋಳಿ ಮೇವಿನ ಚೀಲಗಳನ್ನು ಬಿಚ್ಚಿ ಉಡುಪು ಹೊಲಿಯುವುದು ಮನೆಮಾತಾಗಿತ್ತು. ಬಿಚ್ಚಿದ ದಾರವನ್ನು ಅಲ್ಲಿನ ಹೆಂಗಸರೂ ಸುತ್ತಿಟ್ಟು ಕ್ರೋಶೆ ಹೆಣೆಯುತ್ತಿದ್ದರು. 1920ರ ದಶಕದಲ್ಲಿ ಏಸಾ ಬೇಲ್ಸ್ ಎಂಬವರು ಗಿಂಗ್‌ಹ್ಯಾಮ್ ಬಟ್ಟೆಯ ಚೀಲಕ್ಕೆ ಪೇಟೆಂಟ್ ಪಡೆದರು. ಸೇಂಟ್ ಲೂಯಿಸ್‌ನ ಹಿಟ್ಟಿನ ಗಿರಣಿಯೊಂದು ಅದರಲ್ಲಿ ಹಿಟ್ಟು ತುಂಬಿ ಮಾರಿತು. ಮುಂದೆ ಹೂವು, ಚೌಕಳಿ, ಚುಕ್ಕಿಗಳ ಚೀಲಗಳು ಬಂದವು. ನೂರು ಪೌಂಡ್ ಮೇವಿನ ಚೀಲ ಬಿಚ್ಚಿದರೆ ಒಂದು ಗಜಕ್ಕಿಂತ ತುಸು ಹೆಚ್ಚು ಬಟ್ಟೆ. ಒಂದು ಉಡುಪಿಗೆ ಮೂರು ಚೀಲ ಬೇಕಾದೀತು. ಆದ್ದರಿಂದ ಮೇವು ತರಲು ಹೊರಟ ಗಂಡನಿಗೆ ಹೆಂಡತಿ, ಅದೇ ಹೂವಿನ ಚೀಲವನ್ನೇ ಹುಡುಕಿ ತರಬೇಕೆಂದು ಹೇಳಿ ಕಳುಹಿಸುತ್ತಿದ್ದಳು. ತೊಳೆದರೆ ಹೋಗುವ ಶಾಯಿಯೂ, ನೆನೆಸಿ ಕಿತ್ತು ತೆಗೆಯಬಹುದಾದ ಕಾಗದದ ಚೀಟಿಯೂ ಬಂದವು. ಇನ್ನೂ ಹಿಂದೆ, 1914ರ ಮಹಾಯುದ್ಧದಲ್ಲಿ ಹಸಿದ ಬೆಲ್ಜಿಯಂಗೆ ಅಮೆರಿಕದಿಂದ ಹೋದ ಹಿಟ್ಟಿನ ಚೀಲಗಳ ಮೇಲೆ ಅಲ್ಲಿನ ಹೆಂಗಸರು ಕಸೂತಿ ಹಾಕಿ, ಕೃತಜ್ಞತೆಯ ಕಾಣಿಕೆಯಾಗಿ ಹಿಂದಕ್ಕೆ ಕಳುಹಿಸಿದರು. ಅವರು ಗಿರಣಿಯ ಹೆಸರನ್ನು ಅಳಿಸಲಿಲ್ಲ, ಅಕ್ಷರಗಳ ಮೇಲೆಯೇ ರೇಷ್ಮೆಯ ಎಳೆ ಓಡಿಸಿದರು. ಅಯೋವಾದ ಹೂವರ್ ಗ್ರಂಥಾಲಯದಲ್ಲಿ ಅಂಥ ಚೀಲಗಳ ದೊಡ್ಡ ಸಂಗ್ರಹವೇ ಇದೆ.

ಇದನ್ನೆಲ್ಲ ಓದುವಾಗ ನಮಗೆ ಸಂತೋಷದೊಡನೆ ಸಣ್ಣದೊಂದು ನೋವೂ ಆಯಿತು. ಅಲ್ಲಿಯ ಗಿರಣಿಯವನು ಲಾಭಕ್ಕಾಗಿಯೇ ಇರಲಿ, ಚೀಲವನ್ನು ಹೊಲಿಯುವವಳೊಬ್ಬಳು ಇದ್ದಾಳೆ ಎಂದು ನೆನೆದಿದ್ದ. ನಮ್ಮ ಅಮ್ಮನಿಗಾಗಿ ಯಾರೂ ಹೂವು ಅಚ್ಚೊತ್ತಲಿಲ್ಲ. ಅವಳ ವಾರದ ದುಡಿಮೆಯೆಲ್ಲ ಆ ಅಕ್ಷರಗಳನ್ನು ಅಳಿಸುವುದಕ್ಕೇ ಹೋಯಿತು.

ಊರಿನಿಂದ ದೂರ ಬಂದವರಿಗೆ ಹಳೆಯದೆಲ್ಲವೂ ಪ್ರಿಯವೇ. ಒಗೆದು ಒಗೆದು ಮಲ್ಲಿಗೆಯ ಎಸಳಿನಂತಾದ ಆ ದಿಂಬಿನ ಮೆದುವನ್ನು ನಾವು ಒಡಹುಟ್ಟಿದವರು ಕೂಡಿದಾಗಲೆಲ್ಲ ನೆನೆಯುತ್ತೇವೆ. ಅಮ್ಮ ಆ ಮಾತಿಗೆ ಸೇರುವುದಿಲ್ಲ. ಚಾಳು ಬಿಟ್ಟು ಡೊಂಬಿವಲಿಯ ಎರಡು ಕೋಣೆಗಳ ಮನೆಗೆ ಹೋದ ವರ್ಷ ಅವಳು ಮಾಡಿದ ಮೊದಲ ಕೆಲಸವೆಂದರೆ, ಅಂಗಡಿಯಿಂದ ನಾಲ್ಕು ಮೀಟರ್ ಹಳದಿ ಪಾಪ್ಲಿನ್ ತಂದು ಅಕ್ಕನಿಗೆ ಲಂಗ ಹೊಲಿದದ್ದು. ಉಳಿದ ಚೀಲದ ಬಟ್ಟೆಯನ್ನೆಲ್ಲ ನೆಲ ಒರೆಸಲು ಹಾಕಿದಳು. ಒಂದನ್ನಾದರೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಈಗ ಕೇಳಿದರೆ, “ನಿಮಗೆ ಅದು ಮೆತ್ತಗಿತ್ತು. ಮೆತ್ತಗೆ ಮಾಡಿದ್ದು ನಾನಲ್ಲವೇ?” ಎನ್ನುತ್ತಾಳೆ. ನಾವು ನೆನೆಯುವ ಮೆದುವಿಗೆ ಅವಳ ಬೆರಳುಗಳು ಸೋಡಾದಲ್ಲಿ ಬಿರಿದಿದ್ದವು. ಅವಳು ಆ ಬಟ್ಟೆಯನ್ನು ಪ್ರೀತಿಸಲಿಲ್ಲ. ನಮಗಾಗಿ ಅದನ್ನು ಸಹ್ಯ ಮಾಡಿದಳು. ಈ ಎರಡರ ನಡುವಿನ ಅಂತರವನ್ನು ಮರೆತರೆ ನಮ್ಮ ಹಂಬಲ ಬಡತನವನ್ನೇ ಹಾಡಿ ಹೊಗಳಿದಂತಾದೀತು.

ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಅಕ್ಕಿ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಅದರ ಬಾಯಿಗೂ ಅದೇ ಸರಪಳಿ ಹೊಲಿಗೆ. ಮೊಮ್ಮಕ್ಕಳು ಕತ್ತರಿ ಹುಡುಕುವಷ್ಟರಲ್ಲಿ ಅವಳ ಬೆರಳು ತುದಿಯನ್ನು ಕಂಡುಕೊಂಡಿರುತ್ತದೆ. ಸರ್ರನೆ ದಾರ ಬರುತ್ತದೆ. ಚೀಲವನ್ನು ಕಸಕ್ಕೆ ಹಾಕಲು ಹೇಳಿ, ದಾರವನ್ನು ಮಾತ್ರ ರಟ್ಟಿನ ತುಂಡಿಗೆ ಸುತ್ತಿಡುತ್ತಾಳೆ.